ಆರು ನಲವತ್ತೆರಡರ ಸಂದೇಶ

“ಸಂದೇಶ ಬರಲೇ ಇಲ್ಲ” ಎಂದು ಮೇನಕಾ ಬೆಳಗಿನಿಂದ ಮೂವರಿಗೆ ಹೇಳಿದ್ದಳು. ಯಾಕೆ ಬರಲಿಲ್ಲ ಎಂಬುದಕ್ಕೆ ಹತ್ತು ಗಂಟೆಯೊಳಗೆ ಉತ್ತರ ಬೇಕಿತ್ತು. ಈಗ ಒಂಬತ್ತೂವರೆ.

ಮೇಜಿನ ಮೇಲೆ ಲ್ಯಾಪ್‌ಟಾಪ್. ಪಕ್ಕದಲ್ಲಿ ಮೈಕು. ಕೊಳತ್ತೂರಿನಾಚೆ, ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ, ಮೀನುಗಾರರ ಸಂಘದ ಈ ತಗಡಿನ ಕೋಣೆಯಲ್ಲಿ ಅವಳ ಕೆಲಸ ಇಷ್ಟೇ: ಬಿರುಗಾಳಿಯ ಎಚ್ಚರಿಕೆ ಪರದೆಯ ಬಲಮೂಲೆಯಲ್ಲಿ ಮೂಡಿದ ಕೂಡಲೇ ಮೈಕಿನಲ್ಲಿ ಕೂಗಬೇಕು. ಕೂಗಿದರೆ ಯಾವ ಹರಿಗೋಲೂ ದಡ ಬಿಡುವುದಿಲ್ಲ. ಮೇಚೇರಿಯ ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತವಳು ಊರಿಗೆ ಅವಳೊಬ್ಬಳೇ.

ಇವತ್ತು ಎಚ್ಚರಿಕೆ ಹೊರಟದ್ದು ಆರು ನಲವತ್ತೆರಡಕ್ಕೆ. ಈ ದಡದಲ್ಲಿ ಅದನ್ನು ಯಾರೂ ಕೂಗಲಿಲ್ಲ. ಉಳಿದವರು ಬೆಳಕು ಹರಿಯುವ ಮೊದಲೇ ಬಲೆ ಎತ್ತಿ ಬಂದಿದ್ದರು. ತಡವಾಗಿ ಹೊರಟವನು ಪಳನಿ ಒಬ್ಬನೇ. ಏಳಕ್ಕೆ ಗಾಳಿ ಎದ್ದಿತು. ಎಂಟಕ್ಕೆ ಅವನ ಹರಿಗೋಲು ಬೋರಲಾಗಿ ಸಿಕ್ಕಿತು. ಪಳನಿ ಇನ್ನೂ ಸಿಕ್ಕಿರಲಿಲ್ಲ.

ಸಂಘದ ಅಧ್ಯಕ್ಷ ಮುನಿಕೃಷ್ಣಪ್ಪ ಬಾಗಿಲಲ್ಲಿ ಬಂದು ನಿಂತ. ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

“ಎಸ್‌ಐ ಹತ್ತಕ್ಕೆ ಬತ್ತಾರೆ ಕಣಮ್ಮಾ. ಮಿಷಿನ್ ಕೆಟ್ಟಿದ್ರೆ ಮಿಷಿನ್ ಮ್ಯಾಲೆ ಬರ್ಕೊತಾರೆ. ಕೆಟ್ಟಿಲ್ಲ ಅಂದ್ರೆ ಕೂತಿದ್ದೋರ ಮ್ಯಾಲೆ. ನಂಗೆ ಇದ್ರಾಗೆ ಒಣ್ಣುಮೇ ಪುರಿಯಲೆ, ಏನೂ ತಿಳಿಯಾಕಿಲ್ಲ. ನೀನೇ ನೋಡು.”

ಅವನ ಬೆನ್ನ ಹಿಂದೆ, ಬೇವಿನ ಮರದಡಿ ಸೊಣ್ಣಮ್ಮ ಕೂತಿದ್ದಳು. ಪಳನಿಯ ತಾಯಿ. ಅಳುತ್ತಿರಲಿಲ್ಲ. ನೀರನ್ನೇ ನೋಡುತ್ತಿದ್ದಳು.

ಮೇನಕಾ ತನ್ನ ಫೋನಿನಿಂದ ಒಂದು ಪರೀಕ್ಷಾ ಸಂದೇಶ ಕಳಿಸಿದಳು. ಟಿಣ್. ಬಲಮೂಲೆಯಲ್ಲಿ ಚೌಕ ಮೂಡಿತು. ಅಂಚು ಕತ್ತರಿಸಿರಲಿಲ್ಲ, ಅಕ್ಷರ ಹಾರಿರಲಿಲ್ಲ. ಐದು ಸೆಕೆಂಡು ನಿಂತು ಮರೆಯಾಯಿತು. ಇನ್ನೊಂದು ಕಳಿಸಿದಳು. ಅದೂ ಬಂತು.

ಸೇಲಂನ ರಿಪೇರಿ ಅಂಗಡಿಗೆ ಫೋನ್ ಮಾಡಿದಳು. ಲ್ಯಾಪ್‌ಟಾಪ್ ಹೊಂದಿಸಿಕೊಟ್ಟ ಶಶಾಂಕನೇ ಎತ್ತಿದ.

“ಬೆಳಿಗ್ಗೆ ಸಂದೇಶ ಬರ್ಲಿಲ್ಲ ಶಶಾಂಕ. ಈಗ ಬತ್ತಾ ಐತೆ. ಯಾಕಿರಬೋದು?”

“ಪಾಪ್-ಅಪ್ಪಾ? ಅದು ದೆವ್ವ ಇದ್ದಂಗೆ ಅಕ್ಕಾ. ಹುಡುಕಕ್ಕೆ ಹೋದ್ರೆ ಏನೂ ಇರಲ್ಲ” ಎಂದು ಅವನು ನಕ್ಕ. ಅವಳು ಪಳನಿಯ ವಿಷಯ ಅವನಿಗೆ ಹೇಳಿರಲಿಲ್ಲ. “ಪರದೆ ಅಳತೆ ಏನಾದ್ರೂ ಬದಲಾಯ್ಸಿದೀರಾ? ಹೆಚ್ಚುಕಮ್ಮಿ ಆದ್ರೆ ಮೂಲೆ ಆಚೆಗೆ ಹೋಗ್ಬಿಡುತ್ತೆ.”

ನೋಡಿದಳು. ಅಳತೆ ನೂರಕ್ಕೆ ನೂರು ಇತ್ತು.

“ಇನ್ನೊಂದು ಸ್ಕ್ರೀನ್ ಜೋಡಿಸಿದ್ರಾ? ಕೆಲವು ಸಲ ಅಲ್ಲಿ ಹೋಗಿ ಕೂತಿರುತ್ತೆ.”

“ಇಲ್ಲ.”

“ಆ್ಯಪ್‌ಗೆ ನೋಟಿಫಿಕೇಶನ್ ಆಫ್ ಆಗಿದ್ಯಾ?”

“ಆನ್ ಐತೆ.”

ಗೋಡೆಯ ಗಡಿಯಾರ ಹತ್ತಕ್ಕೆ ಆರು ನಿಮಿಷ ಕಡಿಮೆ ತೋರಿಸುತ್ತಿತ್ತು.

“ಹಂಗಾದ್ರೆ ಇನ್ನೊಂದೇ ಅಕ್ಕಾ. ಕೆಳಗೆ ಬಾರಿಸೋ ಗಂಟೆ ಗುರುತು ಇದೆಯಲ್ಲಾ, ಅದ್ರಲ್ಲಿ ‘ಡು ನಾಟ್ ಡಿಸ್ಟರ್ಬ್’ ಅಂತ ಬರುತ್ತೆ. ಅದು ಆನ್ ಆಗಿದ್ರೆ ಸಂದೇಶ ಕಣ್ಮುಂದೆ ಬರಲ್ಲ. ಸದ್ದಿಲ್ದೆ ಒಳಗಿನ ಪಟ್ಟಿಗೆ ಹೋಗಿ ಬೀಳುತ್ತೆ.”

“ಕೂತಿದ್ದೋರಿಗೆ ಗೊತ್ತೇ ಆಗಲ್ವಾ?”

“ಆಗಲ್ಲ.”

“ಕೈ ತಗಲಿ ಹಂಗಾಗ್ತೈತಾ?”

“ದಿನಾ ಆಗುತ್ತೆ! ವಾರಕ್ಕೆ ನಾಲ್ಕು ಗಿರಾಕಿ ನಂಗೆ ಅದ್ರಿಂದ್ಲೇ. ಒಂದ್ಸಲ ಒತ್ತಿ, ಅವ್ಳೋದಾನ್, ಅಷ್ಟೇ.”

ಹೊರಗೆ ಜೀಪು ನಿಂತ ಸದ್ದಾಯಿತು. ಮೇನಕಾ ಗಂಟೆಯ ಗುರುತು ತೆರೆದು, ಅದನ್ನು ಒಂದು ಸಲ ಒತ್ತಿದಳು.

ಎಸ್‌ಐ ಜೊತೆಗೆ ಬಂದ ಕಾನ್‌ಸ್ಟೇಬಲ್ ಶಕ್ತಿವೇಲ್ ಕುರ್ಚಿ ಎಳೆದುಕೊಂಡು ಕೂತ. ತನ್ನ ಫೋನಿನಿಂದ ಒಂದು ಸಂದೇಶ ಕಳಿಸಿದ. ಎಲ್ಲರೂ ಬಲಮೂಲೆಯನ್ನು ನೋಡಿದರು. ಏನೂ ಮೂಡಲಿಲ್ಲ. ಮತ್ತೆ ಕಳಿಸಿದ. ಸದ್ದೂ ಇಲ್ಲ.

ಅವನು ಗಂಟೆಯ ಗುರುತನ್ನು ಒತ್ತಿದ. ಪಟ್ಟಿ ತೆರೆಯಿತು. ಅವನದು ಎರಡು, ಮೇನಕಾ ಪರೀಕ್ಷೆಗೆ ಕಳಿಸಿದ್ದು ಎರಡು, ಎಲ್ಲಕ್ಕಿಂತ ಕೆಳಗೆ ಆರು ನಲವತ್ತೆರಡರ ಗಾಳಿಯ ಎಚ್ಚರಿಕೆ.

“ಡು ನಾಟ್ ಡಿಸ್ಟರ್ಬ್ ಬಿದ್ದಿದೆ ಸಾರ್. ಸಂದೇಶ ಹೊರಗೆ ಬರಲು ದಾರಿಯೇ ಇಲ್ಲ” ಎಂದು ತಮಿಳಿನಲ್ಲಿ ಹೇಳಿದ.

ಎಸ್‌ಐ ಮೇನಕಾಳ ಕಡೆ ತಿರುಗಿ, “ಯಾರು ಹಾಕಿದ್ದು?” ಎಂದು ಕೇಳಿದರು.

“ಕೈ ತಗಲಿರಬೋದು ಸಾರ್.”

ಅವರು ಪಟ್ಟಿಯನ್ನು ಇನ್ನೊಮ್ಮೆ ನೋಡಿದರು. ಬರೆದುಕೊಂಡರು. ನೀರಿನ ಕಡೆಗೆ ಇಳಿದು ಹೋದರು. ಮುನಿಕೃಷ್ಣಪ್ಪ ಉಸಿರು ಬಿಟ್ಟು ಅವರ ಹಿಂದೆಯೇ ಓಡಿದ.

ಆಗ ಸೊಣ್ಣಮ್ಮ ಒಳಗೆ ಬಂದಳು. ಮೇನಕಾಳ ಎದುರು ನಿಂತಳು. ಮೇನಕಾಗೆ ತಲೆ ಎತ್ತಲಾಗಲಿಲ್ಲ.

“ಯಾಕ್ಲೇ ಇಂಗೆ ತಲೆ ತಗ್ಗುಸ್ತೀಯಾ?” ಎಂದು ಮುದುಕಿ ಅವಳ ನೆತ್ತಿ ಸವರಿದಳು. “ಮಿಷಿನ್ ಮಾಡಿದ್ದಕ್ಕೆ ನೀ ಏನ್ ಮಾಡಕ್ಕಾಗ್ತೈತೆ ತಾಯಿ? ನಿನ್ ಕಣ್ಗೆ ಬಿದ್ದಿದ್ರೆ ಅವನ್ನ ಓಗಾಕೆ ಬಿಡ್ತಿದ್ಯಾ?”

ಆರು ನಲವತ್ತೆರಡಕ್ಕೆ ಆ ಸಂದೇಶ ಟಿಣ್ ಎಂದು ಅವಳ ಕಣ್ಣೆದುರೇ ಮೂಡಿದಾಗ, ಪಳನಿ ಹುಟ್ಟನ್ನು ಹೆಗಲಿಗೇರಿಸಿ ದಡದ ಕಡೆಗೆ ಹತ್ತೇ ಹೆಜ್ಜೆ ಹಾಕಿದ್ದ. ನೀರಿಗೆ ಹೊರಟವನನ್ನು ಹಿಂದಿನಿಂದ ಕೂಗಿದರೆ ಕೇಡಾಗುತ್ತದೆ ಎಂದು ಹೆದರಿ ಮೇನಕಾ ಮೈಕು ಹಿಡಿದುಕೊಂಡೇ, ಅವನಾಗಿಯೇ ಒಮ್ಮೆ ತಿರುಗಿ ನೋಡಲೆಂದು ಕಾದಿದ್ದಳು.