ಮಸಿ ಬಳಿದ ಹೆಸರು

“ಇದು ಯಾವ ಡಿಸ್ಚಾರ್ಜ್ ಸಾರ್?”

ಅನುವಾದಕಿ ಚೀಟಿಯನ್ನು ಬೆಳಕಿಗೆ ಹಿಡಿದಳು. ಸ್ಪ್ಯಾನಿಷಿಗೆ ತಿರುಗಿಸಬೇಕಾದದ್ದು ಇಂಗ್ಲಿಷಿನ ಒಂದೇ ಸಾಲು: ಕೆಳಕಂಡವರು ನಾಳೆಯಿಂದ ಡಿಸ್ಚಾರ್ಜ್. ಹೆಸರಿನ ಮೇಲೆ ಎಂದಿನಂತೆ ಕಪ್ಪು ಮಸಿ. ಪತ್ರ ಮುಟ್ಟುವ ಮೊದಲೇ ಸುದ್ದಿ ಹೊರಬೀಳಬಾರದೆಂದು ಕಾರ್ಖಾನೆ ಮಾಡಿಕೊಂಡ ಏರ್ಪಾಡು.

“ಒಂದು ಪದಕ್ಕೆ ಇಷ್ಟೊಂದು ಪಂಚಾಯ್ತಿನಾ?” ಎಂದ ಮ್ಯಾನೇಜರ್. ಯಾವಾಗಲೂ ಜವಾನನ ಕೈಲಿ ಚೀಟಿ ಕಳಿಸುವವನು ಇವತ್ತು ತಾನೇ ಬಂದು ನಿಂತಿದ್ದ.

“ಇಂಗ್ಲಿಷಿಗೆ ಮದುವೆಗೂ ಮಸಣಕ್ಕೂ ಒಂದೇ ಅಂಗಿ ಸಾಕು ಸಾರ್. ಸ್ಪ್ಯಾನಿಷಿಗೆ ಸಾಲಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ರೆ ‘ಆಲ್ತಾ’. ಕೆಲಸದಿಂದ ಕಿತ್ತುಹಾಕಿದ್ರೆ ‘ದೆಸ್ಪಿದೋ’. ಯಾವುದು ಬರೀಲಿ?”

ಅವನು ಕಿಟಕಿಯ ಕಡೆ ನೋಡಿದ.

ಮಸಿಯ ಕೆಳಗಿರುವುದು ಅಕ್ಕನ ಗಂಡನ ಹೆಸರೇ ಎಂದುಕೊಂಡಳು. ಭಾವನ ಬಲಗೈಯನ್ನು ಯಂತ್ರ ನುಂಗಿ ಇಪ್ಪತ್ತು ದಿನ. ಕಾರ್ಖಾನೆಯ ಆಸ್ಪತ್ರೆಯಲ್ಲೇ ಮಲಗಿದ್ದಾನೆ. “ನಾಳೆ ಮನೆಗೆ ಕಳಿಸ್ತಾರಂತೆ ಕಣೇ,” ಎಂದು ಬೆಳಿಗ್ಗೆಯಷ್ಟೇ ಅಕ್ಕ ಫೋನಿನಲ್ಲಿ ಹಿಗ್ಗಿದ್ದಳು. ಆದರೆ ಯಂತ್ರಕ್ಕೊಂದು ಕಬ್ಬಿಣದ ಜಾಲರಿ ಹಾಕಿಸಲಾರದವರು, ಕೈ ಕಳೆದುಕೊಂಡವನ ಅನ್ನ ಉಳಿಸುತ್ತಾರೆಯೇ? ಜಾಲರಿ ಹಾಕಿಸಿ, ಅವನ ಕೆಲಸ ಉಳಿಸಿ ಎಂದು ಕೇಳಲು ಅವಳು ಶೆಡ್ಡಿನಿಂದ ಶೆಡ್ಡಿಗೆ ಅಲೆದು ನಾನೂರು ಸಹಿ ಕೂಡಿಸಿದ್ದಳು. ಸೋಮವಾರ ಇದೇ ಮ್ಯಾನೇಜರನ ಮೇಜಿನ ಮೇಲೆ ಮನವಿ ಇಟ್ಟು ಬಂದಿದ್ದಳು.

“ಆಲ್ತಾ ಅಂತ ಬರೀತೀನಿ ಸಾರ್.” ದನಿ ಬೇಡುವಂತಿತ್ತು.

“ಅದಲ್ಲ. ಇನ್ನೊಂದು.”

ಪೆನ್ನು ಮೇಲೇಳಲಿಲ್ಲ. “ನಾನು ಬರೀದೇ ಇದ್ರೆ?”

“ಹೊರಗಿನವರನ್ನ ಕರೆಸ್ತೀವಿ. ನಿಯಮ ನಿಮ್ಮದೇ ಅಲ್ವಾ?”

ಹೌದು, ಅವಳದೇ. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಹಗಲುದರೋಡೆ ಎಂದು ಎರಡು ವರ್ಷದ ಹಿಂದೆ ಗೇಟಿನೆದುರು ಕೂತು ಗೆದ್ದದ್ದು. ಯಾರಿಗೇ ಆಗಲಿ, ಪತ್ರ ಅವರ ತಾಯಿನುಡಿಯಲ್ಲೇ ಇರಬೇಕು, ಅನುವಾದಕಿ ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೆಯೇ ಸಹಿ. ಆ ದಿನ ಸ್ಪ್ಯಾನಿಷ್ ಆಡುವ ಅರ್ಧ ಕಾರ್ಖಾನೆ ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದಿತ್ತು, ‘ನಮ್ಮ ಮಾತಿನವಳು, ನಮ್ಮವಳು’ ಎಂದು.

ಗೆದ್ದ ಕತ್ತಿ ಈಗ ಮನೆಯವರ ಕುತ್ತಿಗೆಗೇ ಬಂದಿತ್ತು. ಯಾರೋ ಗುರುತಿಲ್ಲದವನು ಹಾಸಿಗೆಯ ಪಕ್ಕ ನಿಂತು ಒದರುವುದಕ್ಕಿಂತ ತನ್ನ ಬಾಯಿಂದಲೇ ಭಾವ ಕೇಳಲಿ. ಅವಳು ಬರೆದಳು. ಅಭ್ಯಾಸಬಲ, ಬರೆದದ್ದನ್ನು ಗಟ್ಟಿಯಾಗಿ ಒಮ್ಮೆ ಓದಿದಳು: ನಾಳೆಯಿಂದ ನಿಮಗೆ ಇಲ್ಲಿ ಕೆಲಸವಿಲ್ಲ.

ಚೀಲ ಹೆಗಲಿಗೇರಿಸಿ, “ಆಸ್ಪತ್ರೆಗೆ ಹೋಗಿ ಓದಿ ಬರ್ತೀನಿ,” ಎಂದು ಎದ್ದಳು.

ಮ್ಯಾನೇಜರ್ ಕಾಗದವನ್ನು ಅವಳ ಕಡೆಗೇ ತಿರುಗಿಸಿ, ತನ್ನ ಪೆನ್ನು ಮುಂದಿಟ್ಟ. “ಆಸ್ಪತ್ರೆಗ್ಯಾಕಮ್ಮ? ಓದಿ ಹೇಳಬೇಕಾದವರಿಗೆ ಓದಿ ಹೇಳಿದ್ದಾಯ್ತಲ್ಲ. ಇಲ್ಲಿ ನಿಮ್ಮ ಸಹಿ ಹಾಕಿ.”