ಗೋಡೆಗೆ ಒಟ್ಟಿದ ಕಟ್ಟಿಗೆ

ಕಟ್ಟಿಗೆಯ ಒಟ್ಟು ಮೂರನೆಯ ಸಲ ಉರುಳಿಬಿದ್ದಾಗ ಚಂದವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಬಂದಳು. ಸೊಸೆ ಮಹಾನಂದಾ ತಲೆಯ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ಮಳೆಯಲ್ಲಿ ನಿಂತಿದ್ದಳು. ಜಾಲಿಯ ತುಂಡುಗಳು ಕೆಸರಿನಲ್ಲಿ ಚೆಲ್ಲಾಡಿದ್ದವು. ಮೇಲೆ ಹೊದಿಸಿದ್ದ ತಾಡಪತ್ರಿ ಪಕ್ಕಕ್ಕೆ ಜಾರಿ ನೀರು ತುಂಬಿಕೊಂಡಿತ್ತು.

"ನಿನ್ನ ತವರಮನ್ಯಾಗ ಕಟಗಿ ಒಟ್ಟೂದೂ ಕಲಿಸಿಲ್ಲೇನ?"

"ನೀವು ಹೇಳಿದಂಗ ಒಟ್ಟೇನ್ರಿ ಅತ್ಯಾರ. ಕೆಳಗ ಕಲ್ಲ ಇಟ್ಟೇನಿ, ಗಾಳಿ ಆಡಾಕ ಸಂದಿ ಬಿಟ್ಟೇನಿ."

ಎರಡು ಸಾವಿರದ ಒಂಬತ್ತರ ದಸರೆ ಮುಗಿದ ಮರುದಿನ ಹಿಡಿದ ಮಳೆ ನಾಲ್ಕು ದಿನವಾದರೂ ಬಿಟ್ಟಿರಲಿಲ್ಲ. ಗುಳೇದಗುಡ್ಡದಲ್ಲಿ ಕಟ್ಟಿಗೆ ಒಣಗಿಸುವುದೆಂದರೆ ಬಿಸಿಲಿಗೆ ಚೆಲ್ಲುವುದು, ಅಷ್ಟೆ. ಈಗ ಒಲೆಯ ಸುತ್ತ ನಿಲ್ಲಿಸಿದ ತುಂಡುಗಳೂ ಬೆವರುತ್ತಿದ್ದವು. ಊದಿ ಊದಿ ಕಣ್ಣು ಕೆಂಪಾಗುತ್ತಿದ್ದವೇ ಹೊರತು ಉರಿ ಏಳುತ್ತಿರಲಿಲ್ಲ. ಅಮೀನಗಡಕ್ಕೆ ಹೋದ ಮಗ ಮುತ್ತುರಾಜ, ಹಳ್ಳ ತುಂಬಿ ಬಂದು ರಸ್ತೆ ಕಟ್ಟಿದ್ದರಿಂದ ಅಲ್ಲೇ ಉಳಿದಿದ್ದ.

"ಸರಿ ಆ ಕಡೆ. ನಾ ಒಟ್ಟತೇನಿ, ನೋಡು," ಎಂದಳು ಚಂದವ್ವ. ದಪ್ಪ ತುಂಡುಗಳನ್ನು ಕೆಳಗಿಟ್ಟಳು. ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ, ತೊಗಟೆ ಮೇಲಾಗಿ, ಮಗ್ಗದ ಕೋಣೆಯ ಮಣ್ಣಿನ ಗೋಡೆಗೆ ಒರಗಿಸಿ ಎದೆಯೆತ್ತರ ಒಟ್ಟಿದಳು. ಗೋಡೆಯ ಆಚೆ ಗಂಡ ಹುಚ್ಚಪ್ಪನ ಮಗ್ಗ ಖಟ್ ಖಟ್ ಎನ್ನುತ್ತಿತ್ತು. ತಾಡಪತ್ರಿ ಹೊದಿಸಿ, ಬದಿಗಳನ್ನು ಗಾಳಿಗೆ ತೆರೆದು ಬಿಟ್ಟು ಹಗ್ಗ ಬಿಗಿದಳು. "ಈಗ ಹ್ಯಾಂಗ ಬೀಳತೈತಿ, ನೋಡೂಣು."

ಮಾತು ಮುಗಿಯುವ ಮೊದಲೇ ನಡುವಿನ ಒಂದು ತುಂಡು ಮುಂದಕ್ಕೆ ಸರಿಯಿತು. ಗಾಳಿ ಇರಲಿಲ್ಲ. ಹಿಂದೆ ನಿಂತು ಯಾರೋ ನೂಕುತ್ತಿರುವಂತೆ ಅದು ಬೆರಳಷ್ಟು ಬಂದು, ಗೇಣಷ್ಟು ಬಂದು, ಚಂದವ್ವನ ಕಾಲ ಬುಡದಲ್ಲಿ ಬಿದ್ದಿತು.

ಮಹಾನಂದಾ ಒಟ್ಟಿನ ಹಿಂದೆ ತೋಳು ತೂರಿಸಿ ಗೋಡೆಯನ್ನು ತಡವಿದಳು.

"ಅತ್ಯಾರ, ಒಟ್ಟಿದ್ದು ಸರೀನ ಐತ್ರಿ. ಗ್ವಾಡಿ ಹೊಟ್ಟಿ ಬಿಟ್ಟೈತಿ."

ಚಂದವ್ವ ಕೈ ಇಟ್ಟು ನೋಡಿದಳು. ಮಣ್ಣು ನಾದಿದ ಹಿಟ್ಟಿನಂತೆ ಬೆರಳಿಗೆ ಹತ್ತಿತು. ಇಬ್ಬರೂ ಒಳಗೆ ಓಡಿದರು.

ಹುಚ್ಚಪ್ಪ ಸೊಂಟದವರೆಗೆ ಮಗ್ಗದ ಕುಣಿಯಲ್ಲಿ ಇಳಿದು ಕುಳಿತು ಲಾಳಿ ಎಸೆಯುತ್ತಿದ್ದ. "ಮಾವಾರ, ಲಗೂನ ಹೊರಗ ಬರ್ರಿ! ಗ್ವಾಡಿ ಬೀಳಾಕತ್ತೈತಿ!"

ಅವನು ತಲೆ ಎತ್ತಲಿಲ್ಲ. "ನಮ್ಮಪ್ಪ ಕಟ್ಟಿದ ಗ್ವಾಡಿ ಅದು. ನಿಮ್ಮ ಕಟಗಿ ಜಗಳಾ ಹೊರಗ ಮುಗಸ್ಕೋರಿ. ನೇಯಾಕ ಇನ್ನ ಎರಡ ಖಣ ಉಳದಾವು."

"ಖರೇನ ಹೇಳಾಕತ್ತಾಳ್ರಿ ಆಕಿ. ನಾನೂ ಕೈ ಇಟ್ಟ ನೋಡೇನಿ. ಏಳ್ರಿ, ನಿಮ್ಮ ಕಾಲ ಬೀಳ್ತೇನಿ," ಎಂದಳು ಚಂದವ್ವ.

ಮೇಲಿನ ಮಾಳಿಗೆಯಿಂದ ಒಂದು ಹಿಡಿ ಮಣ್ಣು ಉದುರಿ ಮಗ್ಗದ ಎಳೆಗಳ ಮೇಲೆ ಬಿದ್ದಿತು. ಹುಚ್ಚಪ್ಪ ಅದನ್ನು ಮೆಲ್ಲಗೆ ಊದಿ ಸರಿಸಿದ. ಮತ್ತೆ ಲಾಳಿ ಎಸೆದ.

ಮದುವೆಯಾಗಿ ಬಂದು ಆರು ವರ್ಷವಾದರೂ ಮಹಾನಂದಾ ಮಾವನ ಎದುರು ನೆಟ್ಟಗೆ ನಿಂತು ಮಾತಾಡಿದವಳಲ್ಲ. ಈಗ ಅವಳು ಹಲಗೆಯ ಮೇಲಿದ್ದ ಕತ್ತರಿ ಎತ್ತಿಕೊಂಡಳು. ಆ ಸಾವಿರಾರು ಎಳೆಗಳನ್ನು ಎರಡು ದಿನ ಕೂತು ಒಂದೊಂದಾಗಿ ಬೆರಳಲ್ಲಿ ಹೊಸೆದು ಜೋಡಿಸಿದವಳೂ ಅವಳೇ. ಬಿಗಿದು ನಿಂತಿದ್ದ ಹಾಸಿನ ಎಳೆಗಳಿಗೆ ಅಂಚಿನಿಂದ ಕತ್ತರಿ ಹಚ್ಚಿ ನಡುವಿನವರೆಗೂ ಕಚಕಚನೆ ಕತ್ತರಿಸಿದಳು.

ಮಗ್ಗ ನಿಂತಿತು. ಹುಚ್ಚಪ್ಪ ಜೋತುಬಿದ್ದ ಎಳೆಗಳನ್ನೇ ಒಂದು ಗಳಿಗೆ ನೋಡಿದ. ತಾನು ಕಾಣುತ್ತಿರುವುದು ಏನೆಂಬುದೇ ಅವನಿಗೆ ತಿಳಿದಂತಿರಲಿಲ್ಲ. ತಿಳಿದಾಗ ಎರಡೂ ಕೈ ಊರಿ ಕುಣಿಯಿಂದ ಮೇಲಕ್ಕೆ ಚಿಮ್ಮಿದ. ಮನೆಯ ಹೆಣ್ಣುಮಕ್ಕಳಿಗೆ ಅವನು ಎಂದೂ ಆಡದಿದ್ದ ಮಾತು ಬಾಯಿಂದ ಹೊರಬಿತ್ತು.

ಮಹಾನಂದಾ ಕತ್ತರಿ ಬಿಸಾಡಿ ಓಡಿದಳು. ಪಡಸಾಲೆ ದಾಟಿ, ಹೊಸ್ತಿಲು ದಾಟಿ ಓಣಿಗೆ ಬಂದಳು. ಬೆನ್ನ ಹಿಂದೆ ಮಾವ, ಮಾವನ ಹಿಂದೆ, "ಹೊಡೀಬ್ಯಾಡ್ರಿ, ಹೊಡೀಬ್ಯಾಡ್ರಿ," ಎನ್ನುತ್ತ ಅತ್ತೆ. ಓಣಿಯ ನಡುವೆ ಹುಚ್ಚಪ್ಪ ಅವಳ ರಟ್ಟೆ ಹಿಡಿದ. ಇನ್ನೊಂದು ಕೈ ಎತ್ತಿದ.

ಆಗ ಮನೆಯೊಳಗೆ ಜೋಳದ ಚೀಲ ಕುಸಿದಂತಹ ಸದ್ದಾಯಿತು. ದೊಡ್ಡ ಸದ್ದೇನಲ್ಲ. ಅದರ ಹಿಂದೆಯೇ ತೊಲೆಗಳು ಮುರಿದವು. ಮಗ್ಗದ ಕೋಣೆಯ ಮಾಳಿಗೆ ಇಡಿಯಾಗಿ ಇಳಿದು ಕುಳಿತಿತು. ತೆರೆದ ಬಾಗಿಲಿನಿಂದ ಹಸಿ ಮಣ್ಣಿನ ಗಾಳಿ ಮೂವರ ಮುಖಕ್ಕೂ ಹೊಡೆಯಿತು.

ಎದುರು ಮನೆಯ ದಸ್ತಗೀರಬಿ ಕಟ್ಟೆಗೆ ಓಡಿ ಬಂದಳು. "ಯವ್ವಾ! ಒಳಗ ಯಾರರ ಅದಾರೇನ್ರಿ?"

ಅವಳು ಮತ್ತೆ ಕೂಗಿದಳು.

"ಇಲ್ಲವ್ವಾ," ಎಂದ ಹುಚ್ಚಪ್ಪ ಕೊನೆಗೆ. "ಎಲ್ಲಾರೂ ಹೊರಗ ಅದೇವಿ."

ಸೊಸೆಗೆ ಹೊಡೆಯಲೆಂದು ಎತ್ತಿದ ಕೈ ಇನ್ನೂ ಹಾಗೇ ಮೇಲಿತ್ತು. ಅದನ್ನು ಇಳಿಸುವುದನ್ನು ಅವನು ಮರೆತಿದ್ದ. ಬೆರಳ ತುದಿಯಿಂದ ಮೊಣಕೈಗೆ ಮಳೆಯ ನೀರು ಇಳಿಯುತ್ತಲೇ ಇತ್ತು.