ತಣ್ಣನೆಯ ಮೂವತ್ತಾರು

ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಹಳೆಯ ಕಂಪೈಲರಿನ ಲೈಸೆನ್ಸ್ ಮತ್ತೆ ಕೊಳ್ಳಬೇಕೆಂದರೆ ಗಂಡ ಹೆಂಡಿರ ಪುಟ್ಟ ಕಾರ್ಖಾನೆಯ ಒಂದು ವರ್ಷದ ಬಾಡಿಗೆಯಷ್ಟು ಖರ್ಚಾಗುತ್ತಿತ್ತು. ಹೊಸದು ಪುಕ್ಕಟೆ. ಹಾಗಾಗಿ ಗಂಡ ಎಂದೋ ಹಳೆಯದರಲ್ಲಿ ಸಿದ್ಧಮಾಡಿಟ್ಟಿದ್ದ ಹೀಟರಿನ ಕೋಡನ್ನು ಮುಟ್ಟದೆ, ಹೆಂಡತಿ ಪರದೆಯ ಕೋಡನ್ನು ಪುಕ್ಕಟೆಯದರಲ್ಲಿ ಬರೆದು ಎರಡನ್ನೂ ಜೋಡಿಸಿದ್ದಳು.

ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಅದು. ನೋಡಿ ಖರೀದಿಸಲು ಬಂದ ಮೊದಲ ಗಿರಾಕಿ ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸಮ್ಮ. ಪರದೆ ಮೂವತ್ತಾರು ಡಿಗ್ರಿ ಎನ್ನುತ್ತಿತ್ತು. ಅವರು ಅದನ್ನು ನೋಡಲೇ ಇಲ್ಲ; ಕೂಸಿನ ಬದಲು ಒಳಗೆ ಮಲಗಿಸಿದ್ದ ನೀರಿನ ಚೀಲದ ಮೇಲೆ ಅಂಗೈಯಿಟ್ಟರು.

"ತಣ್ಣಗಿದೆಯಲ್ಲಮ್ಮ."

ಅವಳಿಗೆ ತಲೆಬುಡ ತಿಳಿಯಲಿಲ್ಲ. ಹೀಟರಿನ ಕೋಡನ್ನು ಒಂದನ್ನೇ ಓಡಿಸಿದರೆ ಚೀಲ ಬಿಸಿಯೇರುತ್ತಿತ್ತು. ಪರದೆಯದನ್ನು ಒಂದನ್ನೇ ಓಡಿಸಿದರೆ ಹೀಟರಿಗೆ ಹೋಗಬೇಕಾದ ಮೂವತ್ತಾರು ಎಂಬ ಅಂಕಿ ಸರಿಯಾಗಿಯೇ ಹೊರಡುತ್ತಿತ್ತು. ಕೂಡಿಸಿದರೆ ಚೀಲ ತಣ್ಣಗೆ. ತಪ್ಪು ನಿನ್ನದೆಂದು ಅವನು, ನಿಮ್ಮದೆಂದು ಅವಳು. ವೈರು ಕಿತ್ತು ಮತ್ತೆ ಹಾಕಿದರು, ಹೀಟರು ಬದಲಿಸಿದರು. ನರ್ಸಮ್ಮ ಸ್ಟೂಲ್ ಎಳೆದುಕೊಂಡು ಕೂತರು. ಒಬ್ಬೊಬ್ಬರೇ ಇದ್ದಾಗ ಒಳ್ಳೆಯವರು, ಜೊತೆಗಿಟ್ಟರೆ ಆಗಿಬರದು, ಇಂಥ ಸಂಸಾರ ಎಷ್ಟೋ ಕಂಡಿದ್ದೇನೆ ಎಂದರು.

ಕೊನೆಗೆ ಗಂಡ ಕೇಳಿದ, "ಜೋಡಿಸುವಾಗ ನಿನ್ನ ಕಂಪೈಲರು ಏನೂ ಗೊಣಗಲಿಲ್ವಾ?"

"ಗೊಣಗ್ತು. ಒಂದೇ ಸಮನೆ ಪಿರಿಪಿರಿ. ಎಚ್ಚರಿಕೆ ತೋರಿಸಬೇಡ ಅಂತ ಬಾಯಿ ಮುಚ್ಚಿಸಿದೆ."

ಅವನು ಕೀಬೋರ್ಡನ್ನು ಅವಳತ್ತ ಸರಿಸಿದ. ಬೈದಿದ್ದರೂ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಮತ್ತೆ ಅದರ ಬಾಯಿ ಬಿಡಿಸಿ ಎಚ್ಚರಿಕೆಗಳನ್ನು ಓದಿದಾಗ ಎಲ್ಲ ಅಲ್ಲೇ ಇತ್ತು. ಹೀಟರ್ ಉರಿಯಬೇಕೋ ಬೇಡವೋ ಎಂಬ ಸೂಚನೆಗೆ ಅವನ ಕಂಪೈಲರ್ ಮೆಮೊರಿಯಲ್ಲಿ ನಾಲ್ಕು ಮನೆ ಬಿಡುತ್ತಿತ್ತು, ಅವಳದು ಒಂದೇ. ಅವಳು ಮೂವತ್ತಾರನ್ನು ಆ ಸೂಚನೆಯ ಪಕ್ಕದ ಎರಡನೇ ಮನೆಯಲ್ಲಿಟ್ಟು ಬರುತ್ತಿದ್ದಳು. ಅವನು ಐದನೆಯದರ ಬಾಗಿಲು ತೆಗೆದು ಏನೂ ಇಲ್ಲವೆಂದು ಹಿಂತಿರುಗುತ್ತಿದ್ದ; ಹೀಟರು ಉರಿಯುತ್ತಿರಲಿಲ್ಲ. ನೀನೂ ನಾಲ್ಕೇ ಬಿಡು ಎಂದು ತನ್ನ ಕಂಪೈಲರಿಗೆ ಒಂದು ಸಾಲಿನಲ್ಲಿ ತಾಕೀತು ಮಾಡಿದಳು. ಚೀಲ ನಿಧಾನವಾಗಿ ಬೆಚ್ಚಗಾಯಿತು.

ನರ್ಸಮ್ಮ ಮತ್ತೆ ಕೈಯಿಟ್ಟು ನೋಡಿ ತಲೆಯಾಡಿಸಿದರು. ಆಮೇಲೆ ಪರದೆಯತ್ತ ತಿರುಗಿದರು. "ಆಗ ತಣ್ಣಗಿದ್ದಾಗಲೂ ಇದು ಮೂವತ್ತಾರೇ ಅಂತಿತ್ತು. ನೀವು ಇಷ್ಟಿರಲಿ ಅಂತ ಕೇಳಿದ್ದನ್ನ ತೋರಿಸುತ್ತೋ, ಒಳಗಿರೋದನ್ನ ತೋರಿಸುತ್ತೋ?"

"ಕೇಳಿದ್ದನ್ನ," ಎಂದಳು ಅವಳು, ಅರ್ಧ ದನಿಯಲ್ಲಿ.

"ಒಳಗಿರೋದನ್ನ ತೋರಿಸೋ ಹಾಗಾದಾಗ ಹೇಳಿ ಕಳಿಸಿ," ಎಂದು ನರ್ಸಮ್ಮ ಕೈಚೀಲ ಎತ್ತಿಕೊಂಡು ಹೊರಟರು.

ಲೈಸೆನ್ಸಿನ ದುಡ್ಡು ಮಿಕ್ಕಿತು. ಗಿರಾಕಿ ಹೋದರು. ಪೆಟ್ಟಿಗೆಯೊಳಗೆ ನೀರಿನ ಚೀಲ ಮಾತ್ರ ಹಿತವಾಗಿ ಬೆಚ್ಚಗೆ ಮಲಗಿತ್ತು.